ಕಲ್ಲು ನೋಡದೆ ಮಾತಾಡದ ವಕೀಲರು

ಅಂದು ಸೋಮವಾರ, ಬೆಳಿಗ್ಗೆ ಹತ್ತೂವರೆ. ಕರೆಂಟು ಹೋಗಿ ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಿದ್ದವು. ಹಾಗೆ ನಿಂತಾಗ ನಮ್ಮೂರಿನವರಿಗೆ ಕಿವಿಯೇ ಹೋದಂತಾಗುತ್ತದೆ. ಆಮೇಲೆ ನಿಧಾನಕ್ಕೆ ಪಕ್ಕದ ಮನೆಯ ರೊಟ್ಟಿ ಬಡಿಯುವ ಸದ್ದು ಕೇಳತೊಡಗುತ್ತದೆ. ಆ ಹೊತ್ತಿನಲ್ಲಿ ಅಂಚೆಯವನು ಬಂದು ಒಂದು ರಿಜಿಸ್ಟರ್ ಪತ್ರಕ್ಕೆ ನನ್ನ ಸಹಿ ತೆಗೆದುಕೊಂಡ. ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಅಣ್ಣನ ಮಗ್ಗದ ಶೆಡ್ಡು ನೋಡಿಕೊಳ್ಳುತ್ತಿದ್ದ ನನ್ನನ್ನು, ಇಂಗ್ಲಿಷ್ ಓದುತ್ತಾನೆಂಬ ಒಂದೇ ಕಾರಣಕ್ಕೆ, ಮಗ್ಗದ ಮಾಲಕರ ಸಂಘಕ್ಕೆ ಕಾರ್ಯದರ್ಶಿ ಮಾಡಿದ್ದರು. ಪತ್ರ ಬಂದದ್ದು ಸಂಘದ ಹೆಸರಿಗೆ, ಮುಂಬೈಯ ಒಬ್ಬ ವಕೀಲರಿಂದ.

ಕಳೆದ ತಿಂಗಳು ಜಮಖಂಡಿಯ ನಮ್ಮ ವಕೀಲರು ತೀರಿಕೊಂಡರೆಂದು ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಹತ್ತೂವರೆ. ಮುಖ ಆಮೇಲೆ ಬಂತು. ನನ್ನ ಬಲಗಿವಿಯ ಪಕ್ಕ ಹಾದುಹೋದ ಆ ಗಾಳಿ ಅದರ ಬೆನ್ನಿಗೇ ಬಂತು. ಇಷ್ಟು ವರ್ಷವಾದರೂ ಇವು ಒಂದನ್ನೊಂದು ಬಿಟ್ಟು ಬರುವುದಿಲ್ಲ.

ಪತ್ರದ ವಿಷಯ ತಿಳಿಯಬೇಕಾದರೆ ಲಾಳಿಯ ವಿಷಯ ತಿಳಿದಿರಬೇಕು. ವಿದ್ಯುತ್ ಮಗ್ಗದಲ್ಲಿ ನೂಲು ಸುತ್ತಿದ ಕಂಡಿಕೆ ಹೊತ್ತುಕೊಂಡು ಈ ತುದಿಯಿಂದ ಆ ತುದಿಗೆ ಹಾರುವ ಕಟ್ಟಿಗೆಯ ತುಂಡು ಅದು. ಅದರ ಎರಡೂ ತುದಿಗೆ ಉಕ್ಕಿನ ಮೊನೆ ಇರುತ್ತದೆ. ಉದ್ದಕ್ಕೆ ಕಟ್ಟಿದ ಹಾಸಿನ ಎಳೆ ಹರಿದು ಸಿಕ್ಕಾದರೆ ಲಾಳಿ ದಾರಿ ತಪ್ಪಿ ಮಗ್ಗದಿಂದ ಹೊರಗೆ ಹಾರುತ್ತದೆ. ಅದನ್ನು ತಡೆಯಲು ಕಬ್ಬಿಣದ ಸರಳು ಅಡ್ಡ ಕಟ್ಟುವ ಪದ್ಧತಿ ಮೊದಲಿನಿಂದಲೂ ಇತ್ತು, ಆದರೆ ಸರಳು ಇದ್ದರೆ ಹರಿದ ಎಳೆ ಕೂಡಿಸಲು ಕೈ ಹೋಗುವುದಿಲ್ಲ. ನೇಕಾರರೇ ಅದನ್ನು ಬಿಚ್ಚಿ ಮೂಲೆಗೆ ಒಗೆಯುತ್ತಿದ್ದರು. ಹೀಗಿರುವಾಗ ಮುಂಬೈಯ ಯಾವುದೋ ಮುಚ್ಚಿದ ಗಿರಣಿಯ ವಿದೇಶಿ ಮಗ್ಗವೊಂದು ಇಚಲಕರಂಜಿಯ ಗುಜರಿಗೆ ಬಂದು, ಅಲ್ಲಿಂದ ನಮ್ಮ ಬನಹಟ್ಟಿಯ ವರ್ಕಶಾಪಿಗೆ ಬಂತು. ಲಾಳಿ ಹೊರಗೆ ಹಾರದಂತೆ ಅದರ ಮೇಲಿದ್ದ ತಂತಿಯ ಜಾಳಿಗೆ ಮಗ್ಗ ನಿಂತರೆ ತಾನೇ ಮೇಲೇಳುತ್ತಿತ್ತು, ಮಗ್ಗ ಹೊರಟರೆ ತಾನೇ ಕೆಳಗಿಳಿಯುತ್ತಿತ್ತು. ವರ್ಕಶಾಪಿನವನು ಅದನ್ನು ಬಿಚ್ಚಿ ನೋಡಿ ಹಾಗೆಯೇ ಇನ್ನೊಂದು ಮಾಡಿದ. ವರ್ಷ ತುಂಬುವುದರೊಳಗೆ ಬನಹಟ್ಟಿ, ರಬಕವಿ ಎರಡೂ ಊರಿನ ಶೆಡ್ಡುಗಳಲ್ಲಿ ಅವನ ಜಾಳಿಗೆ ಬಂದಿತ್ತು.

ಆ ಜಾಳಿಗೆಯ ಮೇಲೆ ತಮ್ಮ ಕಕ್ಷಿದಾರರಾದ ವಿದೇಶಿ ಕಂಪನಿಗೆ ಪೇಟೆಂಟ್ ಇದೆ, ಮಾಡುವುದನ್ನು ನಿಲ್ಲಿಸಿರಿ, ಹಾಕಿದ್ದನ್ನು ತೆಗೆಯಿರಿ, ಇಲ್ಲವಾದರೆ ದಾವೆ ಹೂಡಿ ಯಂತ್ರಗಳನ್ನು ಜಪ್ತಿ ಮಾಡಿಸುತ್ತೇವೆ ಎಂದು ಪತ್ರ ಹೇಳುತ್ತಿತ್ತು.

ಅಂದು ಸಂಜೆ ಸಂಘದಲ್ಲಿ ಅದನ್ನು ಓದಿ ಕನ್ನಡದಲ್ಲಿ ಹೇಳಿದೆ. ಪೇಟೆಂಟ್ ಎಂದರೇನೆಂದು ಯಾರೂ ಕೇಳಲಿಲ್ಲ. ಜಪ್ತಿ ಎಂಬ ಮಾತು ಎಲ್ಲರಿಗೂ ಗೊತ್ತಿತ್ತು. ಮರುದಿನ ಬನಹಟ್ಟಿಯ ಶೆಡ್ಡುಗಳಲ್ಲಿ ನಟ್ಟು ಬಿಚ್ಚುವ ಪಾನೆಗಳ ಸದ್ದು. ಮಧ್ಯಾಹ್ನದ ಹೊತ್ತಿಗೆ ಜಾಳಿಗೆಗಳೆಲ್ಲ ಬಿಚ್ಚಿ ಕೆಳಗಿಳಿದವು. ವರ್ಕಶಾಪಿನವನು ಮಾರದೆ ಉಳಿದವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ ತನ್ನ ಹೊಲದ ಹಾಳುಬಾವಿಗೆ ಸುರಿದು ಬಂದ.

ರಬಕವಿಯಲ್ಲಿ ಮಾತ್ರ ಒಂದೂ ಬಿಚ್ಚಲಿಲ್ಲ. ಹೊರಗಿನವರಿಗೆ ಇವು ಅಂಟಿಕೊಂಡ ಒಂದೇ ಊರು. ಆದರೆ ಹಿಂದೆ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ನಡುವೆ ಸುಂಕ ವಸೂಲಿಯ ಜಕಾತಿ ನಾಕಾ ಇತ್ತು. ಸಂಸ್ಥಾನಗಳು ಹೋದರೂ ನಾಕಾ ಹಿರಿಯರ ತಲೆಯಲ್ಲಿ ಉಳಿದಿತ್ತು. "ಕಾಗದದ ಮ್ಯಾಲ ಬನಹಟ್ಟಿ ಅಂತ ಬರದೈತಿ. ನಮಗೇನ ಸಂಬಂಧ?" ಎಂದು ಅವರು ನಿಶ್ಚಿಂತೆಯಿಂದ ಎಲೆ ಅಡಿಕೆ ಹಾಕಿಕೊಂಡರು. ಲಾಳಿಗಿಂತ ಜಪ್ತಿಗೆ ಹೆಚ್ಚು ಹೆದರಿದ ನಾವು ಬಿಚ್ಚಿ ಕೂತಿದ್ದೆವು.

ನಮ್ಮ ಶೆಡ್ಡಿನ ಸಂಗವ್ವ ಅಂದೇ ಹೇಳಿದಳು. ಎರಡು ಮಗ್ಗ ಒಬ್ಬಳೇ ಓಡಿಸುತ್ತಿದ್ದ, ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು. "ಸಣ್ಣ ಸಾವಕಾರ್ರ, ಒಂದ ಕಾಗದ ಬಂತಂತ ಜಾಳಿಗಿ ಬಿಚ್ಚಿದ್ರಿ. ನಾಳಿ ಇನ್ನೊಂದ ಬಂದ್ರ ಮಗ್ಗಾನೂ ಬಿಚ್ಚತೀರಿ?"

"ಎರಡ ದಿನ ತಡಿ ಸಂಗವ್ವ. ವಕೀಲರನ್ನ ಕೇಳಿ ಬರ್ತೇನಿ."

"ಕೇಳ್ರಿ ಕೇಳ್ರಿ. ಲಾಳಿಗೂ ಹೇಳಿ ಹೋಗ್ರಿ, ಎರಡ ದಿನ ತಡಿ ಅಂತ."

ವಕೀಲರೆಂದರೆ ಆಗ ನಮ್ಮ ಸೀಮೆಯಲ್ಲಿ ಜಮಖಂಡಿಯ ಇವರೇ. ಹೊಲದ ಬಾಂದಿನ ತಕರಾರು ಅವರ ಕಸುಬು. ಜಮಖಂಡಿ, ಮುಧೋಳ, ಬೀಳಗಿ ಮೂರೂ ಕಡೆ ಅಣ್ಣತಮ್ಮಂದಿರು ಗೇಣು ನೆಲಕ್ಕೆ ಜಗಳಾಡಿದರೆ ಇವರ ಮನೆಯ ಕಟ್ಟೆಗೆ ಬಂದು ಕೂಡಬೇಕು. ಎತ್ತರದ ಆಳು, ತೆಳ್ಳಗೆ, ಮಾತು ಕಡಿಮೆ. ಚಹಾ ಬಂದರೆ ಬಸಿಯಲ್ಲಿ ಬೆರಳು ಅದ್ದಿ ಮೇಜಿನ ಮೇಲೆ ಹೊಲದ ನಕಾಶೆ ಬರೆಯುತ್ತಿದ್ದರು. ಮಾತು ಮುಗಿಯುವಷ್ಟರಲ್ಲಿ ನಕಾಶೆ ಆರಿರುತ್ತಿತ್ತು, ಚಹಾವೂ ಆರಿರುತ್ತಿತ್ತು. ಹಿಂದೆ ರಾಜರ ನ್ಯಾಯಾಲಯವಿದ್ದಾಗ ಅಲ್ಲಿ ಸನದು ಪಡೆದವರು. "ಅದ ಖೋಲಿ, ಅದ ಕುರ್ಚಿ. ರಾಜರ ಕಾಯ್ದೆ, ಮುಂಬೈ ಕಾಯ್ದೆ, ಮೈಸೂರ ಕಾಯ್ದೆ, ಕರ್ನಾಟಕದ ಕಾಯ್ದೆ, ಎಲ್ಲಾ ಅಲ್ಲೇ ಕುಂತು ಓದೇನಿ. ನಾ ಎದ್ದು ಎಲ್ಲೂ ಹೋಗಿಲ್ಲ, ಸರ್ಕಾರನ ಬಂದು ಬಂದು ಹೋದವು," ಎನ್ನುತ್ತಿದ್ದರು.

ಅವರದೊಂದು ನೇಮ. ಬಾಂದುಗಲ್ಲನ್ನು ತಮ್ಮ ಕಣ್ಣಿಂದ ನೋಡದೆ ಅಭಿಪ್ರಾಯ ಹೇಳುತ್ತಿರಲಿಲ್ಲ. ಎಷ್ಟೇ ದೂರದ ಹೊಲವಿರಲಿ, ಹೋಗುತ್ತಿದ್ದರು; ಬಾಂದಿನ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಈ ಕಲ್ಲಿನಿಂದ ಆ ಕಲ್ಲಿಗೆ ನಡೆಯುತ್ತಿದ್ದರು. ಅನಗವಾಡಿಯ ರೈತನೊಬ್ಬನ ಹೊಲದ ಕಲ್ಲು ಹೊಳೆಯ ನೀರಲ್ಲಿ ಮುಳುಗಿದ್ದಾಗ ಅವನನ್ನು ನೀರಿಳಿಯುವವರೆಗೆ ಕೂಡಿಸಿದ್ದರು.

"ವಕೀಲರ, ನೀವು ಹೂಂ ಅಂದ್ರ ಸಾಕ್ರಿ, ನಾ ಬಿತ್ತಾಕ ಸುರು ಮಾಡ್ತೇನಿ," ಅವನು ಗೋಗರೆದಿದ್ದನಂತೆ.

"ಕಲ್ಲು ಹೂಂ ಅನ್ನಲಿ. ಆಮ್ಯಾಲ ನಾ ಅಂತೇನಿ."

ಅವನ ಬಿತ್ತನೆ ತಪ್ಪಿತು, ದಾವೆ ಗೆದ್ದಿತು. ಇವರ ಹೆಸರು ಬೆಳೆದದ್ದು ಹೀಗೆ.

ನಾನು ಪತ್ರದ ಜೊತೆಗೆ ಆ ವಿದೇಶಿ ಮಗ್ಗದ ಜಾಳಿಗೆಗೆ ಬಡಿದಿದ್ದ ಹಿತ್ತಾಳೆ ತಗಡನ್ನೂ ಬಿಚ್ಚಿಕೊಂಡು ಹೋಗಿದ್ದೆ. ಅದರ ಮೇಲೆ ಮೂರು ದೇಶಗಳ ಹೆಸರು, ಎದುರಿಗೆ ಪೇಟೆಂಟ್ ನಂಬರು ಕೊರೆದಿದ್ದರು. ವಕೀಲರು ತಗಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮ ದೇಶದ ಹೆಸರಿಲ್ಲ ಅಲ್ರಿ?" ಎಂದೆ.

"ಇಲ್ಲ."

"ಹಂಗಾದ್ರ ನಮಗ ಹತ್ತೂದಿಲ್ಲ."

"ತಮ್ಮಾ, ಈ ತಗಡು ಬಡದಾಗ ಇಲ್ಲ. ಆಮ್ಯಾಲ ಇಲ್ಲಿ ಬಂದು ಬರಸಿದ್ರ? ಒಂದೊಂದ ದೇಶದಾಗ ಬ್ಯಾರೆ ಬ್ಯಾರೆ ಬರಸಬೇಕು, ಅದು ಖರೆ. ಇಲ್ಲಿ ಬರಸ್ಯಾರೋ ಇಲ್ಲೋ, ಅದಕ್ಕ ಮುಂಬೈದಾಗ ಕಚೇರಿ ಐತಿ. ಅಲ್ಲಿನ ದಪ್ತರ ನೋಡಬೇಕು."

"ಅಲ್ಲೀತನಕ ಜಾಳಿಗಿ ಹಾಕಬಹುದೇನ್ರಿ?"

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ತಗದೀರೇನು?"

"ಹೌದ್ರಿ."

ಬೆರಳು ಬಸಿಯಲ್ಲಿತ್ತು. ಮೇಜಿನ ಮೇಲೆ ಏನೂ ಬರೆಯಲಿಲ್ಲ. "ನೋಡಲಾರದ ಹೆಂಗ ಹೇಳ್ಲಿ? ಹಾಕ್ರಿ ಅಂತ ನಾ ಅಂದು, ನಾಳಿ ಅಲ್ಲಿ ಹೆಸರು ಇದ್ರ, ಊರ ಮಗ್ಗ ಎಲ್ಲಾ ಹೋಗತಾವ. ನಾಳಿ ಗಾಡಿಗೆ ನಾನ ಹೋಗ್ತೇನಿ."

ಆ ವಯಸ್ಸಿನಲ್ಲಿ ಕುಡಚಿಗೆ ಬಸ್ಸು, ಅಲ್ಲಿಂದ ಮಿರಜಿಗೆ ರೈಲು, ಮಿರಜಿನಲ್ಲಿ ಇಳಿದು ಮುಂಬೈಯ ರೈಲು. ಅವರ ಮನೆಯವರು ಬುತ್ತಿ ಕಟ್ಟಿಕೊಟ್ಟರು. ನಾನು ಬಸ್ಸು ಹತ್ತಿಸಿ ಬಂದೆ.

ಅವರು ಮುಂಬೈಯಲ್ಲಿದ್ದಾಗ ಆದದ್ದು ಇದು. ಮಧ್ಯಾಹ್ನದ ಪಾಳಿ ನಡೆದಿತ್ತು. ಎರಡು ಸಾಲು ಮಗ್ಗಗಳ ನಡುವಿನ ಓಣಿಯಲ್ಲಿ ನಾನು ಸಂಗವ್ವನ ಕಡೆ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಅಣ್ಣ ಕೂಗಿದಂತೆನಿಸಿ ತಲೆಯನ್ನು ಎಡಕ್ಕೆ ತಿರುಗಿಸಿದೆ. ಅಣ್ಣ ಕೂಗಿರಲಿಲ್ಲ, ಅವನು ಆಗ ಶೆಡ್ಡಿನಲ್ಲೇ ಇರಲಿಲ್ಲ. ಬಲಗಿವಿಯ ಪಕ್ಕ ಒಂದು ಗಾಳಿ ಹಾದುಹೋಯಿತು. ಅಷ್ಟೇ. ಆ ಗದ್ದಲದಲ್ಲಿ ಬೇರೆ ಏನೂ ಕೇಳುವ ಹಾಗಿರಲಿಲ್ಲ. ಮುಂದೆ ನೋಡಿದರೆ ಸಂಗವ್ವ ಮುಖದ ಮೇಲೆ ಕೈಯಿಟ್ಟುಕೊಂಡು, ಏನೋ ಮರೆತದ್ದು ನೆನಪಾದವಳ ಹಾಗೆ, ಮೆಲ್ಲಗೆ ನೆಲಕ್ಕೆ ಕೂಡುತ್ತಿದ್ದಳು. ಬೆರಳುಗಳ ಸಂದಿಯಿಂದ ರಕ್ತ ಇಳಿಯಿತು. ಪಕ್ಕದ ಮಗ್ಗದಿಂದ ಹಾರಿದ ಲಾಳಿ ಅವಳ ಸೆರಗಿನ ಬಳಿ ಬಿದ್ದಿತ್ತು. ಅವಳ ಎರಡೂ ಮಗ್ಗ ನೇಯುತ್ತಲೇ ಇದ್ದವು.

ಯಾರೋ ಮೇನ್ ಸ್ವಿಚ್ ಆರಿಸಿದರು. ಆಗ ಅವಳ ದನಿ ಕೇಳಿತು. ಚೀರುತ್ತಿರಲಿಲ್ಲ. "ಏನಾತ್ರಿ? ಏನಾತು?" ಎಂದು ಸಣ್ಣ ದನಿಯಲ್ಲಿ ಕೇಳುತ್ತಿದ್ದಳು.

ಜೀಪಿನಲ್ಲಿ ಮಿರಜಿನ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ತಾಯಿ ತೊಡೆಯ ಮೇಲೆ ಅವಳ ತಲೆ ಇಟ್ಟುಕೊಂಡಿದ್ದಳು. ನಾನು ಡ್ರೈವರನ ಪಕ್ಕ ಕೂತು ಹಿಂದೆ ನೋಡಲಿಲ್ಲ. ಎಡಗಣ್ಣು ಹೋಯಿತು. ಬಲಗಣ್ಣು ಉಳಿಯುತ್ತದೋ ಇಲ್ಲವೋ ಕಾದು ನೋಡಬೇಕೆಂದರು ಡಾಕ್ಟರು. ಆ ಕಾಯುವಿಕೆಯಲ್ಲಿ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ: ನಾನು ತಲೆ ತಿರುಗಿಸದಿದ್ದರೆ ಲಾಳಿ ನನಗೆ ಬಡಿದು ಅಲ್ಲೇ ಬೀಳುತ್ತಿತ್ತು. ಈಗಲೂ ಹಾಕುತ್ತೇನೆ. ಅದು ಮುಗಿಯುವ ಲೆಕ್ಕವಲ್ಲ.

ವಕೀಲರು ಮರುದಿನ ಅದೇ ಮಿರಜ್ ಸ್ಟೇಷನ್ನಿನಲ್ಲಿ ಇಳಿದು, ನಾವು ದವಾಖಾನೆಯಲ್ಲಿರುವುದು ತಿಳಿಯದೆ, ಕುಡಚಿಯ ರೈಲು ಹತ್ತಿ ಊರಿಗೆ ಬಂದಿದ್ದರು. ನಾನು ಬಟ್ಟೆ ತರಲೆಂದು ಬನಹಟ್ಟಿಗೆ ಬಂದಾಗ ಸಂಘದ ಕಟ್ಟೆಯ ಮೇಲೆ ಕೂತಿದ್ದರು. ಮುಖದಲ್ಲಿ ದಣಿವಿದ್ದರೂ ಒಂದು ಗೆಲುವಿತ್ತು. ಯಾರೂ ಅವರಿಗೆ ಏನೂ ಹೇಳಿರಲಿಲ್ಲ.

"ಇಲ್ಲ ತಮ್ಮಾ," ಎಂದರು. "ಎಲ್ಲಾ ನೋಡಿ ಬಂದೇನಿ. ದಪ್ತರದ ಖೋಲಿ ಮುಂದ ಚಪ್ಪಲ್ ಬಿಟ್ಟೆ, ಅಲ್ಲಿನ ಕಾರಕೂನ ನಕ್ಕ. ಇದೇನ ಗುಡಿ ಅಲ್ರೀ ಕಾಕಾ ಅಂದ. ನಮ್ಮ ದೇಶದಾಗ ಅವರದ ಏನೂ ಇಲ್ಲ. ಜಾಳಿಗಿ ಹಾಕ್ರಿ."

ನಾನು ಸಂಗವ್ವನ ವಿಷಯ ಹೇಳಿದೆ.

ಅವರು ಕೇಳಿದ ಮೊದಲ ಮಾತು, "ಎಂದು?"

"ನಿನ್ನೆ ಮಧ್ಯಾಹ್ನರಿ."

 ಎದ್ದು ಹೋಗುತ್ತಾರೇನೋ ಅಂದುಕೊಂಡೆ, ಏಳಲಿಲ್ಲ. ನನಗಲ್ಲ, ಎದುರಿನ ಗೋಡೆಗೆ ಹೇಳಿದ ಹಾಗೆ ಹೇಳಿದರು. ಪೇಟೆಂಟ್ ಬರೆದುಕೊಟ್ಟವುಗಳ ದಪ್ತರವನ್ನು ಲಾಳಿ ಹಾರಿದ ಹಿಂದಿನ ದಿನ ಸಂಜೆಯೇ ನೋಡಿ ಮುಗಿಸಿದ್ದರು. ಅದರಲ್ಲಿ ಇರಲಿಲ್ಲ. ಅರ್ಜಿ ಹಾಕಿ ಇನ್ನೂ ತೀರ್ಮಾನವಾಗದೆ ಉಳಿದವು ಬೇರೆ ಇರುತ್ತವೆ, ಅವನ್ನೂ ನೋಡಿಬಿಡೋಣ ಎಂದು ಇನ್ನೊಂದು ದಿನ ಉಳಿದಿದ್ದರು.

"ಅರ್ಜಿ ಇದ್ದಿದ್ರೂ ದಾವಾ ಹೂಡಾಕ ಬರ್ತಿರಲಿಲ್ಲ. ಬರಕೊಟ್ಟ ಮ್ಯಾಲ ಅಷ್ಟ ದಾವಾ. ಅದು ನನಗ ಗೊತ್ತಿತ್ತು. ತಾರ ಆಫೀಸ ಆ ಕಚೇರಿ ಬಾಜೂಕ ಇತ್ತು. ಜಾಳಿಗಿ ಹಾಕ್ರಿ ಅಂತ ಅವತ್ತ ಸಂಜೀಕ ಒಂದ ತಾರ ಕಳಸಬಹುದಿತ್ತು. ಹಾಯ್ದು ಹೋದೆ. ಪೂರಾ ನೋಡಿ ಹೇಳೂಣು ಅಂತ ಹಾಯ್ದು ಹೋದೆ."

ಈ ಮಾತನ್ನು ಅವರು ಅಂದು ನನಗೆ ಮಾತ್ರ ಹೇಳಿದರು. 

ಎರಡನೆಯ ಸಭೆ ಕೂಡಿತು. ರಬಕವಿಯವರೂ ಬಂದರು. ವಕೀಲರು ನಿಂತುಕೊಂಡೇ ಮಾತಾಡಿದರು. ಕೋರ್ಟಿನಲ್ಲಿ ಅವರ ದನಿ ಕೇಳಿದ್ದವರಿಗೆ ಇದು ಬೇರೆಯವರ ದನಿ ಅನ್ನಿಸುವಂತಿತ್ತು.

"ನಾ ಹುಡುಗ ಇದ್ದಾಗ ಬನಹಟ್ಟಿ ಬಜಾರದಾಗ ಒಬ್ಬಾಂವ ಸೀರಿ ಗಂಟು ಎತಗೊಂಡು ಓಡಿದ. ಜಮಖಂಡಿ ರಾಜರ ಸಿಪಾಯಿ ಬೆನ್ನ ಹತ್ತಿದ. ಕಳ್ಳ ರಬಕವಿ ಸೀಮಿ ದಾಟಿ, ಅಲ್ಲೊಂದು ಕಲ್ಲಿನ ಮ್ಯಾಲ ಕುಂತು ಬೀಡಿ ಹಚ್ಚಿದ. ಸಿಪಾಯಿ ಈ ಕಡೆ ನಿಂತು ಬೈದ. ಲಾಠಿ ಕೈಯಾಗಿತ್ತು, ಕಳ್ಳ ಎದುರಿಗಿದ್ದ, ಆದ್ರ ಕಾಲು ದಾಟಲಿಲ್ಲ. ದಾಟಿದ್ರ ಸಾಂಗಲಿಯವರು ಸಿಪಾಯಿನ್ನ ಹಿಡೀತಿದ್ರು. ಪೇಟೆಂಟು ಅಂದ್ರ ಆ ಸಿಪಾಯಿ. ಅವರ ದೇಶದಾಗ ಅವಗ ಅಧಿಕಾರ ಐತಿ. ಇಲ್ಲಿ ಬೈಬಹುದು. ಈ ಕಾಗದ ಬೈಗಳ, ಅಷ್ಟ."

"ಹಂಗಾದ್ರ ನಾವು ಕಳ್ಳರೇನ್ರಿ ವಕೀಲರ?" ಹಿಂದಿನಿಂದ ಒಬ್ಬ ಹಿರಿಯ ಮಾಲಕರು ಕೇಳಿದರು. ಸಭೆ ನಕ್ಕಿತು.

ವಕೀಲರು ನಗಲಿಲ್ಲ. "ಕಳ್ಳನ್ನ ತಂದದ್ದು ನನ್ನ ತಪ್ಪು. ಹೀಂಗ ತಿಳೀರಿ. ತನ್ನ ಯುಕ್ತಿಗೆ ಎಲ್ಲೆಲ್ಲಿ ಬೇಲಿ ಬೇಕೋ ಅಲ್ಲಲ್ಲಿ ಹೋಗಿ ಬರಸೂದು ಅವರ ಕೆಲಸ. ಜಗತ್ತಿಗೆಲ್ಲಾ ಕೂಡಿ ಒಂದ ಬೇಲಿ ಇಲ್ಲ. ಮೂರು ದೇಶದಾಗ ಬರಸಿದ್ರು, ಇಲ್ಲಿ ಬರಸಲಿಲ್ಲ. ಇಲ್ಲಿ ಮಾಡಿ ಇಲ್ಲೇ ಹಾಕಿದ್ರ ನಮ್ಮನ್ನ ಯಾರೂ ಏನೂ ಅನ್ನಾಂಗಿಲ್ಲ."

"ನಾವು ಮೊದಲ ಹೇಳಿದ್ವಿ," ಎಂದರು ರಬಕವಿಯವರೊಬ್ಬರು. "ಕಾಗದ ನಮಗ ಬಂದಿರಲಿಲ್ಲ, ನಾವು ತಗೀಲಿಲ್ಲ."

"ನೀವು ಮಾಡಿದ್ದು ಛಲೋ ಆತು, ಅಂದದ್ದು ಸುಳ್ಳು. ಇಲ್ಲಿ ಬರಸಿದ್ದಿದ್ರ ರಬಕವಿ, ಬನಹಟ್ಟಿ, ಇಚಲಕರಂಜಿ, ದಿಲ್ಲಿ ಎಲ್ಲಾ ಒಂದ ಬೇಲಿಯೊಳಗ ಬೀಳತಿದ್ದಿವಿ. ರಾಜರು ಹೋಗಿ ಎಷ್ಟ ಕಾಲ ಆತು, ನೀವಿನ್ನೂ ನಾಕಾ ದಾಟಾಕತ್ತೀರಿ."

ಇನ್ನೊಬ್ಬ ಮಾಲಕರಿಗೆ ತಟ್ಟನೆ ಹೊಳೆಯಿತು. "ಅವರು ಬರಸಿಲ್ಲ ಅಂದ್ರ ನನ್ನ ಹೆಸರಿಲೆ ಬರಸಾಕ ಬರತೈತೇನ್ರಿ?"

"ನೀ ಕಂಡು ಹಿಡದೀಯೇನು?"

"ಇಲ್ರಿ."

"ಹಂಗಾದ್ರ ಕೂಡು."

ಇಷ್ಟಾದರೂ ಯಾರೂ ಜಾಳಿಗೆ ಹಾಕುತ್ತೇವೆಂದು ಬಾಯಿ ಬಿಡಲಿಲ್ಲ. ವಕೀಲರು ತಪ್ಪಿದ್ದರೆ? ಮುಂಬೈಯವರು ಸುಳ್ಳು ಬರೆಯುತ್ತಾರೆಯೆ? ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಒಂದು ಕಣ್ಣು ಹೋದ ಮೇಲೂ ಹೀಗೆ ಕೂತಿದ್ದೆವು ಎಂಬುದನ್ನು ನೆನೆದರೆ ಇವತ್ತೂ ನನಗೆ ನಾಚಿಕೆಯಾಗುತ್ತದೆ. ವಕೀಲರು ಸಭೆಯನ್ನೆಲ್ಲ ಒಮ್ಮೆ ನೋಡಿದರು, ವರ್ಕಶಾಪಿನವನ ಕಡೆ ತಿರುಗಿದರು.

"ಎಷ್ಟು ಬೇಕೋ ಅಷ್ಟು ಮಾಡು. ಮಾಡ್ಸಾಂವ ನಾನು. ಎಲ್ಲಾ ನನ್ನ ಹೆಸರಿಲೆ ಮಾಡು. ಪ್ರತಿ ಜಾಳಿಗಿ ಮ್ಯಾಲ ನನ್ನ ಹೆಸರು ಬಡಿ. ದಾವಾ ಬಂದ್ರ ಮೊದಲ ನನ್ನ ಮನಿಗೆ ಬರಲಿ."

ಅವನು ಹಾಗೆಯೇ ಮಾಡಿದ. ಬಾವಿಗೆ ಸುರಿದಿದ್ದನ್ನೂ ಎತ್ತಿಸಿ ತೊಳೆದ. ವಕೀಲರು ಮಗ್ಗ ರಿಪೇರಿ ಮಾಡುವ ಜಾಬರನ ಜೊತೆ ಶೆಡ್ಡಿನ ಮೇಲೆ ಶೆಡ್ಡು ತಿರುಗಿ, ಮುಂದೆ ನಿಂತು ಹಾಕಿಸಿದರು. ಹಾಕಿದ ಮೇಲೆ ಜಾಳಿಗೆಯನ್ನು ಕೈಯಿಂದ ಒಮ್ಮೆ ಎತ್ತಿ, ಬಿಟ್ಟು, ಕೆಳಗಿಳಿಯುವುದನ್ನು ನೋಡಿ ಮುಂದಿನ ಮಗ್ಗಕ್ಕೆ ಹೋಗುತ್ತಿದ್ದರು.

ಅದೇ ದಿನಗಳಲ್ಲಿ ಇಚಲಕರಂಜಿಯ ವ್ಯಾಪಾರಿಯೊಬ್ಬ ಸುದ್ದಿ ಕೇಳಿ ಬಂದ. ಹಡಗಿನಲ್ಲಿ ಹೊರದೇಶಕ್ಕೆ ಕಳಿಸಲು ಜಾಳಿಗೆ ಬೇಕಾಗಿದ್ದವು. ಯಾವ ದೇಶಕ್ಕೆ ಎಂದು ವಕೀಲರು ಕೇಳಿದರು. ಅವನು ಹೇಳಿದ ಹೆಸರು ತಗಡಿನ ಮೇಲೆ ಎರಡನೆಯದಾಗಿತ್ತು. "ಅಲ್ಲಿ ಅವರ ಬೇಲಿ ಐತಿ. ಕಳಸಬ್ಯಾಡ," ಎಂದರು. ಅಷ್ಟು ದೂರದಲ್ಲಿ ನೋಡುವವರು ಯಾರು ಎಂದು ವ್ಯಾಪಾರಿ ನಕ್ಕ. "ನಮ್ಮ ಸೀಮಿಯೊಳಗ ಬರಬ್ಯಾಡ ಅಂತ ಅವರಿಗೆ ಹೇಳಾಕತ್ತೇನಿ. ಅವರ ಸೀಮಿಯೊಳಗ ನಾವು ಹೊಕ್ಕರ ಹೆಂಗ?" ಎಂದು ಅವನನ್ನು ಕಳಿಸಿಬಿಟ್ಟರು.

ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಆದರೆ ಅವರು ಬಾಂದಿನ ತಕರಾರು ಹಿಡಿಯುವುದನ್ನು ಬಿಟ್ಟರು. ಕಟ್ಟೆಗೆ ಬಂದವರಿಗೆ "ನನ್ನ ಕೇಳಬ್ಯಾಡ್ರಪಾ" ಎಂದು ಕೈಮುಗಿಯುತ್ತಿದ್ದರು. ಮೊದಲೇ ಒಪ್ಪಿಕೊಂಡಿದ್ದ ಹಳೆಯ ದಾವೆಗಳಿಗಷ್ಟೇ ಕೋರ್ಟಿಗೆ ಹೋಗುತ್ತಿದ್ದರು. ಕಣ್ಣು ಕೆಂಪಗೆ, ಕೆನ್ನೆ ಒಳಗೆ. ಅವರ ಮನೆಯವರು ನನ್ನನ್ನು ಬಾಗಿಲಲ್ಲಿ ತಡೆದು ಹೇಳಿದ್ದರು, "ರಾತ್ರಿ ಮಲಗೂದ ಇಲ್ರಿ. ಎದ್ದೆದ್ದು ಕೂಡತಾರ. ಸಮನ್ಸ ಬರತೈತಂತ ಚಿಂತಿ ಏನ್ರಿ?"

ಅಲ್ಲವೆಂದು ನನಗೆ ಗೊತ್ತಿತ್ತು. ಸಮನ್ಸು ಬಂದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಅದು ಬರಲೇ ಇಲ್ಲ. ಮುಂಬೈಯಿಂದ ಇನ್ನೊಂದು ಪತ್ರವೂ ಬರಲಿಲ್ಲ.

ಸಂಗವ್ವನ ಬಲಗಣ್ಣು ಉಳಿಯಿತು. ಅವಳು ಮನೆಗೆ ಬಂದ ಮೇಲೆ ಒಂದು ದಿನ ವಕೀಲರು ನನ್ನನ್ನು ಕರೆದುಕೊಂಡು ಅವಳ ಮನೆಗೆ ಹೋದರು. ಒಳಗೆ ಬರಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಕೂತರು. ಸಂಗವ್ವ ಸೆರಗನ್ನು ಎಡಗಡೆ ಎಳೆದುಕೊಂಡು ಬಾಗಿಲಿಗೆ ಒರಗಿದಳು. ತಾರಿನ ವಿಷಯವನ್ನು ಅವರು ಏನೂ ಬಿಡದೆ ಹೇಳಿದರು.

"ತಾರ ಯಾವಾಗ ಬರ್ತಿತ್ರಿ?" ಸಂಗವ್ವ ಕೇಳಿದಳು.

"ಮರುದಿನ ಮುಂಜಾನೆ."

"ನನಗ ಬಡದದ್ದು ಮಧ್ಯಾಹ್ನ."

"ಹೌದವಾ."

ಅವಳು ನನ್ನ ಕಡೆ ಕೈ ಮಾಡಿದಳು. "ತಾರ ಬಂದಿದ್ರ ಇವರು ಜಾಳಿಗಿ ಹಾಕತಿದ್ರೇನು?"

ನಾನು ನೆಲ ನೋಡಿದೆ. ವಕೀಲರು ನನ್ನ ಸಹಾಯಕ್ಕೆ ಬರಲಿಲ್ಲ, ತಮ್ಮ ಸಹಾಯಕ್ಕೂ ಬಂದುಕೊಳ್ಳಲಿಲ್ಲ. "ಇವರು ಹಾಕತಿದ್ರೋ ಇಲ್ಲೋ, ನಾ ಕಳಸಬೇಕಿತ್ತು," ಎಂದರು.

ಒಳಗೆ ಅವಳ ತಾಯಿ ಅಳುತ್ತಿದ್ದಳು. ಸಂಗವ್ವ ಅಳಲಿಲ್ಲ, ಬೈಯಲಿಲ್ಲ, ಹೋಗಲಿ ಬಿಡ್ರಿ ಎಂದೂ ಅನ್ನಲಿಲ್ಲ. ಹೀಗೆ ಹೇಳಿದಳು, "ನಾಳಿಂದ ಕೆಲಸಕ್ಕ ಬರಾಕತ್ತೇನಿ. ಕುಂತ್ರ ಹೊಟ್ಟಿ ಕೇಳಾಂಗಿಲ್ಲ. ಆದ್ರ ಅಂಜಿಕಿ ಐತಿ. ಕಣ್ಣ ಮುಚ್ಚಿದ್ರ ಅದ ಬಂದಂಗ ಆಕ್ಕೈತಿ. ಜಾಳಿಗಿ ಮ್ಯಾಲ ನಿಮ್ಮ ಹೆಸರು ಬಡಸೀರಂತಲ್ರಿ? ನಾಳಿ ಬರ್ರಿ. ಆ ಬಾಜೂಕಿನ ಮಗ್ಗಕ್ಕೂ ನನಗೂ ನಡುವ ನಿಂದರ್ರಿ, ಹೊತ್ತ ಮುಣಗೂತನಕ."

ಅವರು "ಆತವಾ" ಎಂದರು.

ಮರುದಿನ ಮೊದಲ ಬಸ್ಸಿಗೇ ಬಂದರು. ಚಪ್ಪಲಿ ಬಿಟ್ಟು, ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, ಲಾಳಿ ಹಾರಿದರೆ ಯಾವ ದಾರಿಯಲ್ಲಿ ಬರುತ್ತದೋ ಅದೇ ದಾರಿಯಲ್ಲಿ, ಸಂಗವ್ವನಿಗೆ ಬೆನ್ನು ಕೊಟ್ಟು ನಿಂತರು. ಅಣ್ಣ ಕುರ್ಚಿ ತಂದಿಟ್ಟ, ಕೂಡಲಿಲ್ಲ. ಅವರ ಕಿವಿಗೆ ಆ ಸದ್ದು ಹೊಸದು. ಮೊದಮೊದಲು ಪ್ರತಿ ಹೊಡೆತಕ್ಕೂ ರೆಪ್ಪೆ ಬಡಿಯುತ್ತಿತ್ತು. ಆಮೇಲೆ ಅದೂ ನಿಂತಿತು.  ಸಂಗವ್ವ ಒಂದೇ ಕಣ್ಣಿನಲ್ಲಿ ಎಳೆಯ ದೂರ ತಿಳಿಯದೆ ಗಂಟು ಹಾಕಲು ತಡವರಿಸುತ್ತಿದ್ದಳು. ಯಾರೂ ಅವಳ ಕೆಲಸಕ್ಕೆ ಕೈ ಹಾಕಲು ಹೋಗಲಿಲ್ಲ.

ಊಟದ ಹೊತ್ತು ದಾಟಿ ಸ್ವಲ್ಪ ಹೊತ್ತಾಗಿತ್ತು. ಪಕ್ಕದ ಮಗ್ಗದಲ್ಲಿ ಎಳೆ ಸಿಕ್ಕಾದದ್ದನ್ನು ಯಾರೂ ನೋಡಿರಲಿಲ್ಲ. ಜಾಳಿಗೆ ಒಮ್ಮೆ ಝಲ್ಲೆಂದು ಅದುರಿದ್ದು ಕಂಡಿತು, ಸದ್ದು ಕೇಳಲಿಲ್ಲ. ಲಾಳಿ ಅದಕ್ಕೆ ಬಡಿದು, ಕೆಳಗೆ ಬಿದ್ದು, ಉರುಳಿ ವಕೀಲರ ಪಾದದ ಬಳಿ ಅರಳೆ ಧೂಳಿನಲ್ಲಿ ನಿಂತಿತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೆ ನಿಂತ ಜಾಗದಿಂದ ಕದಲಿರಲಿಲ್ಲ. ನನ್ನ ಬಲಗಿವಿಯ ಪಕ್ಕ ಆ ಗಾಳಿ ಇನ್ನೊಮ್ಮೆ ಹಾದಂತಾಗಿ ನಾನು ಗೋಡೆ ಹಿಡಿದುಕೊಂಡೆ.

ಸಂಗವ್ವ ತನ್ನ ಮಗ್ಗ ನಿಲ್ಲಿಸಿ ಬಂದಳು. ಬಗ್ಗಿ ಲಾಳಿ ಎತ್ತಿಕೊಂಡಳು. ಉಕ್ಕಿನ ಮೊನೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಪಕ್ಕದ ಮಗ್ಗದವನಿಗೆ ಕೊಟ್ಟಳು. ವಕೀಲರ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು:

"ತಡೀತ್ರಿ. ಇನ್ನ ನೀವು ಹೋಗಿ ಉಣ್ರಿ."

"ಹೊತ್ತ ಮುಣಗಿಲ್ಲವಾ," ಎಂದರು ಅವರು.

ಹೊತ್ತು ಮುಳುಗುವವರೆಗೂ ನಿಂತರು. ಪಾಳಿ ಬಿಟ್ಟಾಗ ಅವರ ಕಾಲು ಬಾತು ಚಪ್ಪಲಿಗೆ ಹಿಡಿಸಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು. ಸಂಗವ್ವ ಅವರನ್ನು ಕಳಿಸಲು ಬರಲಿಲ್ಲ. ನೂಲಿನ ಕಸ ಝಾಡಿಸಿಕೊಂಡು ತನ್ನ ತಾಯಿಯ ಜೊತೆ ಮನೆಯ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಜಮಖಂಡಿಗೆ ಹೋದೆ. ಅಂದು ಅವರ ಹಳೆಯ ದಾವೆಯೊಂದಿತ್ತು. ಕೋರ್ಟಿನ ಅಂಗಳದಲ್ಲಿ ಅವರ ಕಕ್ಷಿದಾರ ಒಬ್ಬನೇ ದಿಕ್ಕುಗಾಣದೆ ನಿಂತಿದ್ದ. ಕೋರ್ಟಿನ ಪಟ್ಟೇವಾಲ ದಾವೆಯ ಹೆಸರು ಹಿಡಿದು ಕೂಗಿದ್ದನಂತೆ, ವಕೀಲರು ಬಂದಿರಲಿಲ್ಲ. ಅವರ ವಕೀಲಿಕೆಯಲ್ಲೇ ಹಾಗಾದದ್ದು ಅದು ಮೊದಲ ಸಲವೆಂದು ಗುಮಾಸ್ತರು ಮಾತಾಡಿಕೊಳ್ಳುತ್ತಿದ್ದರು.  ಓಡುತ್ತಲೇ ಅವರ ಮನೆ ಮುಟ್ಟಿದೆ.

ಬಾಗಿಲಲ್ಲಿ ಅವರ ಮನೆಯವರು ಕೂತಿದ್ದರು. ನನ್ನನ್ನು ಕಂಡೊಡನೆ ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

"ಗದ್ಲಾ ಮಾಡಬ್ಯಾಡ್ರಿ. ಕೋರ್ಟಿನ ಆಳು ಎರಡ ಸಲ ಬಂದು ಹೋದ, ನಾ ಎಬ್ಬಸಲಿಲ್ಲ."

"ಆರಾಮ ಅದಾರಲ್ರಿ?" ಎಂದೆ.

"ನಿನ್ನೆ ಉಂಡು ಮಲಗಿದವರು ಇನ್ನೂ ನಿದ್ದ್ಯಾಗ ಅದಾರ, ಒಮ್ಮಿನೂ ಹೊಳ್ಳಿಲ್ಲ. ನಾನ ಅಂಜಿ, ರಾತ್ರೆಲ್ಲಾ ಎದ್ದೆದ್ದು, ಮೂಗಿನ ಮುಂದ ಕೈ ಹಿಡಿದು ನೋಡೇನಿ."